ರಾಗದ ಹೆಸರು ಗೊತ್ತಿಲ್ಲ, ಆದರೂ ಮಾತಾಡುತ್ತೇನೆ

ಮೊನ್ನೆ ಮಂಗಳೂರಿನಲ್ಲಿ ಒಂದು ಸಂಗೀತ ಕಚೇರಿಯ ವರದಿಗೆ ಹೋಗಿದ್ದೆ. ಮುಗಿದ ಮೇಲೆ ಸಂಘಟಕರೊಬ್ಬರ ಹತ್ತಿರ, "ಎರಡನೇ ಕೃತಿ ಸ್ವಲ್ಪ ಎಳೆದ ಹಾಗಾಯ್ತು ಸರ್. ಕೊನೆಯ ದೇವರನಾಮ ಮಾತ್ರ ಏಳಲಿಕ್ಕೇ ಬಿಡಲಿಲ್ಲ" ಅಂದೆ. ಅವರು ಒಮ್ಮೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಎರಡನೆಯದು ಯಾವ ರಾಗ ಅಂತ ಗೊತ್ತುಂಟಾ ನಿಮಗೆ?"

ಗೊತ್ತಿರಲಿಲ್ಲ.

"ಹಾಗಾದ್ರೆ ಅದನ್ನೆಲ್ಲ ಬರೀಲಿಕ್ಕೆ ಹೋಗ್ಬೇಡಿ. ಯಾರು ಉದ್ಘಾಟನೆ ಮಾಡಿದ್ರು, ಯಾರ ಅಧ್ಯಕ್ಷತೆ, ಅಷ್ಟು ಸಾಕು."

ಅಷ್ಟನ್ನೇ ಬರೆದು ಕಳಿಸಿದೆ. ನಮ್ಮಂಥ ಬಿಡಿ ವರದಿಗಾರರಿಗೆ ಸುದ್ದಿಗೆ ದುಡ್ಡು ಸಿಗುತ್ತದೆ, ಜಗಳಕ್ಕೆ ಸಿಗುವುದಿಲ್ಲ. ಆದರೆ ಸ್ಟೇಟ್‌ಬ್ಯಾಂಕಿನಲ್ಲಿ ಬಸ್ಸು ಹತ್ತಿ ಮನೆ ಮುಟ್ಟುವವರೆಗೂ ಆ ಮಾತು ತಲೆಯಲ್ಲಿ ಕೊರೆಯುತ್ತಲೇ ಇತ್ತು. ಸಾರು ಮಾಡಲು ಬಾರದವನು ಉಪ್ಪು ಜಾಸ್ತಿಯಾಗಿದೆ ಅಂತ ಹೇಳಬಾರದಾ? ಹಾಗಾದರೆ ಕ್ಯಾಸೆಟ್ಟು ಮಾಡಿ ಮಾರಿದ್ದು ಯಾರಿಗೆ ಮಾರಾಯ್ರೆ? ರಾಗ ಬಲ್ಲವರನ್ನಷ್ಟೇ ನಂಬಿದ್ದರೆ ಒಂದು ಕ್ಯಾಸೆಟ್ ಕಂಪನಿಯಾದರೂ ಉಳಿಯುತ್ತಿತ್ತಾ?

ಅದಕ್ಕೇ ಹೇಳುತ್ತೇನೆ: ಕೇಳಿದವನಿಗೆ ಕೇಳಿದ್ದರ ಬಗ್ಗೆ ಮಾತಾಡುವ ಹಕ್ಕಿದೆ. ಆ ಹಕ್ಕನ್ನು ನಾವು ಬಿಟ್ಟುಕೊಟ್ಟಿದ್ದರಿಂದಲೇ ನಮ್ಮ ಒಳ್ಳೊಳ್ಳೆಯ ಕ್ಯಾಸೆಟ್ಟುಗಳು ಹೆಸರು ಕಳಕೊಂಡು ಅನಾಥವಾಗಿವೆ.

ಅಮೆರಿಕದ ರೋಲಿಂಗ್ ಸ್ಟೋನ್ ಪತ್ರಿಕೆ 2003ರಲ್ಲಿ ಜಗತ್ತಿನ 500 ಶ್ರೇಷ್ಠ ಆಲ್ಬಮ್‌ಗಳ ಪಟ್ಟಿ ಮಾಡಿತು. ಮೊದಲ ಸ್ಥಾನ ಬೀಟಲ್ಸ್‌ಗೆ. 2020ರಲ್ಲಿ ಅದೇ ಪಟ್ಟಿಯನ್ನು ಹೊಸದಾಗಿ ಮಾಡಿದಾಗ ಬೀಟಲ್ಸ್ ಕೆಳಗಿಳಿದು ಮಾರ್ವಿನ್ ಗೇ ಮೇಲೆ ಬಂದರು. ಅಂದರೆ ಪಂಡಿತರ ತೀರ್ಪು ಕೂಡ ಬದಲಾಗುತ್ತದೆ. ಅವರು ತಮ್ಮದನ್ನು ಪಟ್ಟಿ ಮಾಡಿಕೊಂಡರೆ ನನಗೆ ಹೊಟ್ಟೆಕಿಚ್ಚಿಲ್ಲ. ನಮ್ಮದನ್ನು ನಾವು ಯಾಕೆ ಮಾಡಲಿಲ್ಲ ಅನ್ನುವುದಷ್ಟೇ ಪ್ರಶ್ನೆ.

ಸರಿ, ನಾನೇ ಶುರುಮಾಡುತ್ತೇನೆ. ನನ್ನ ಸಂಗೀತ ಪಾಠಶಾಲೆ ಸರ್ವಿಸ್ ಬಸ್ಸು, ಹೋಟೆಲಿನ ಟೇಪ್‌ರೆಕಾರ್ಡರ್ ಮತ್ತು ಪಕ್ಕದ ಮನೆಯ ಕಿಟಕಿ. ಅಷ್ಟೇ ಬಂಡವಾಳ.

ಮೊದಲು 'ನಿತ್ಯೋತ್ಸವ'. ನಿಸಾರ್ ಅಹಮದ್ ಅವರ ಕವಿತೆಗಳು, ಮೈಸೂರು ಅನಂತಸ್ವಾಮಿಯವರ ರಾಗ ಸಂಯೋಜನೆ. 1978ರಲ್ಲಿ ಬಂದ ಇದು ಕನ್ನಡ ಸುಗಮ ಸಂಗೀತದ ಮೊದಲ ಕ್ಯಾಸೆಟ್ಟು. ನನ್ನ ತಕರಾರು ಇಷ್ಟೆ: ನವೆಂಬರ್ ಒಂದಕ್ಕೆ ಶಾಲೆ, ಪಂಚಾಯತ್, ಬ್ಯಾಂಕು ಎಲ್ಲ ಕಡೆ ಶೀರ್ಷಿಕೆಯ ಹಾಡೊಂದನ್ನೇ ಹಾಡಿಸಿ ಹಾಡಿಸಿ ಉಳಿದವನ್ನು ನಾವು ಕೊಂದುಹಾಕಿದೆವು. ಒಮ್ಮೆ ಮೊದಲಿಂದ ಕೊನೆಯವರೆಗೆ ಕೂತು ಕೇಳಿ. ಮೆರವಣಿಗೆಯ ಹಾಡು ಅಂದುಕೊಂಡದ್ದರ ಪಕ್ಕದಲ್ಲೇ ಒಬ್ಬಂಟಿ ಮನುಷ್ಯನೊಬ್ಬ ಮೆಲ್ಲಗೆ ಮಾತಾಡುವುದು ಕೇಳಿಸುತ್ತದೆ.

'ಮೈಸೂರು ಮಲ್ಲಿಗೆ'ಯದ್ದು ಬೇರೆ ಕಥೆ. ಕೆ.ಎಸ್. ನರಸಿಂಹಸ್ವಾಮಿಯವರ ಪುಸ್ತಕ ಬಂದದ್ದು 1942ರಲ್ಲಿ. ಸಿ. ಅಶ್ವಥ್ ಅವರ ರಾಗದಲ್ಲಿ ಅದು ಕ್ಯಾಸೆಟ್ಟಾಗಿ ನಮ್ಮ ಮನೆಗೆ ಬಂತು. ನನ್ನ ಅಮ್ಮ ಆ ಪುಸ್ತಕವನ್ನು ಕಣ್ಣಲ್ಲೂ ಕಂಡವರಲ್ಲ. ಬೀಡಿ ಕಟ್ಟುತ್ತಾ ಕೇಳುತ್ತಿದ್ದರು. ಗಂಡ ಹೆಂಡಿರ ಸಣ್ಣ ಮುನಿಸು, ತವರಿನ ನೆನಪು, ಬಳೆಗಾರ ಬರುವುದು, ಇವೆಲ್ಲ ಅವರಿಗೆ ಯಾರೂ ಅರ್ಥ ಹೇಳಬೇಕಾಗಿರಲಿಲ್ಲ. ಒಂದು ಸಾಲು ಬಂದಾಗ ಕೈ ನಿಲ್ಲುತ್ತಿತ್ತು, ಮತ್ತೆ ಎಲೆ ಸುತ್ತಲು ಶುರು. ಆ ಕೈ ನಿಂತದ್ದಕ್ಕಿಂತ ದೊಡ್ಡ ವಿಮರ್ಶೆಯನ್ನು ನಾನು ಈವರೆಗೆ ಓದಿಲ್ಲ. (ಒಂದು ದೂರು ನನಗೂ ಉಂಟು. ಆ ಕಾಲದ ಭಾವಗೀತೆಯ ಕ್ಯಾಸೆಟ್ಟುಗಳಲ್ಲಿ ಚರಣ ಚರಣದ ನಡುವೆ ಸಕ್ಕರೆ ಪಾಕದ ಹಾಗೆ ಪಿಟೀಲು ಸುರಿಯುತ್ತಾರೆ. ಕವಿತೆಗೆ ಉಸಿರು ಕಟ್ಟುತ್ತದೆ.)

ಇನ್ನು ಕದ್ರಿ ಗೋಪಾಲನಾಥ್. ಸಂಘಟಕರಿಗೆ ನಾನು ಕೊಡಬೇಕಿದ್ದ ಉತ್ತರ ಇಲ್ಲಿದೆ.

1949ರಲ್ಲಿ ಬಂಟ್ವಾಳ ತಾಲೂಕಿನ ಸಜಿಪದಲ್ಲಿ ಹುಟ್ಟಿದವರು, ತಂದೆ ನಾಗಸ್ವರ ವಾದಕರು. ಹುಡುಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ನೋಡಿ ಅದಕ್ಕೆ ಮರುಳಾದ. ಬೆಲ್ಜಿಯಂ ದೇಶದವನೊಬ್ಬ 1840ರ ದಶಕದಲ್ಲಿ ಬ್ಯಾಂಡಿನವರಿಗಾಗಿ ಮಾಡಿದ ವಾದ್ಯ ಅದು. ಕೀಲಿ ಒತ್ತಿದರೆ ಒಂದೊಂದೇ ಸ್ವರ. ಸ್ವರವನ್ನು ಬಳುಕಿಸುವ ನಮ್ಮ ಗಮಕ ಅದರಿಂದ ಹೊರಡುವುದೇ ಕಷ್ಟ. ಅದನ್ನು ಬಳುಕಿಸಲು ಅವರು ವರ್ಷಗಟ್ಟಲೆ ಒದ್ದಾಡಿದರು. ಕರ್ನಾಟಕ ಸಂಗೀತಕ್ಕೆ ಇದು ಒಗ್ಗದು ಅಂತ ಮೂಗು ಮುರಿದವರೂ ಇದ್ದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿಬಿಸಿಯವರ ಉತ್ಸವದಲ್ಲಿ ನುಡಿಸಿದರು, 2004ರಲ್ಲಿ ಪದ್ಮಶ್ರೀ ಬಂತು. ಆಮೇಲೆ ಮುರಿದ ಮೂಗೆಲ್ಲ ನೆಟ್ಟಗಾಯಿತು.

ಆದರೆ ನಮ್ಮ ತುಳುನಾಡಿನ ಜನ ಪದ್ಮಶ್ರೀಗೆ ಕಾಯಲಿಲ್ಲ. ಇವತ್ತು ನೇಮ ಇರಲಿ, ದೇವಸ್ಥಾನದ ಜಾತ್ರೆ ಇರಲಿ, ಮದುವೆ ಇರಲಿ, ಸ್ಯಾಕ್ಸೋಫೋನ್ ಇಲ್ಲದಿದ್ದರೆ ಏನೋ ಕಡಿಮೆಯಾದ ಹಾಗೆ. ಬೆಲ್ಜಿಯಂನ ವಾದ್ಯ ದೈವದ ಎದುರು ನಿಲ್ಲಬಹುದು ಅಂತ ತೀರ್ಮಾನ ಮಾಡಿದ್ದು ಯಾವ ವಿದ್ವತ್ ಸಭೆ? ಗದ್ದೆಯ ಬದುವಿನಲ್ಲಿ ನಿಂತು ಕೇಳಿದವರು, "ಹೋ, ಲಾಯ್ಕುಂಡು" ಅಂದವರು. ರಾಗದ ಹೆಸರು ಕೇಳಿದರೆ ಅವರೂ ತಲೆ ಕೆರೆದುಕೊಳ್ಳುತ್ತಾರೆ.

ಕದ್ರಿಯವರ ಒಂದು ಕ್ಯಾಸೆಟ್ಟಿನ ಕಥೆ ನನಗೆ ಬಹಳ ಇಷ್ಟ. 'ಸ್ಯಾಕ್ಸೋಫೋನ್ ಇಂಡಿಯನ್ ಸ್ಟೈಲ್' ಅಂತ ಅದರ ಹೆಸರು. ಅಮೆರಿಕದಲ್ಲಿ ಬೆಳೆದ ಭಾರತೀಯ ಮೂಲದ ರುದ್ರೇಶ್ ಮಹಾಂತಪ್ಪ ಆಗ ಅಲ್ಲಿನ ಸಂಗೀತ ಕಾಲೇಜಿನಲ್ಲಿ ಜಾಜ್ ಕಲಿಯುತ್ತಿದ್ದ ಹುಡುಗ. ಅವನ ಅಣ್ಣ ತಮಾಷೆಗೆಂದು ಇದನ್ನು ತಂದುಕೊಟ್ಟ. ಹುಡುಗ ಹಾಕಿ ಕೇಳಿದ, ತಮಾಷೆ ಅಲ್ಲೇ ನಿಂತಿತು. ಅದೇ ಹುಡುಗ ಮುಂದೆ ದೊಡ್ಡ ವಾದಕನಾಗಿ ಕದ್ರಿಯವರನ್ನು ಜೊತೆಗಿಟ್ಟುಕೊಂಡು 2008ರಲ್ಲಿ 'ಕಿನ್ಸ್‌ಮೆನ್' ಅನ್ನುವ ಆಲ್ಬಮ್ ತಂದರು. ಎರಡು ಸ್ಯಾಕ್ಸೋಫೋನ್, ಎ. ಕನ್ಯಾಕುಮಾರಿಯವರ ಪಿಟೀಲು, ಮೃದಂಗ, ಗಿಟಾರು, ಡ್ರಮ್ಸು.

ನಿಜ ಹೇಳಬೇಕಾ? ಮೊದಲ ಸಲ ಕೇಳಿದಾಗ ಇಬ್ಬರು ದಾಯಾದಿಗಳು ಕೋರ್ಟಿನ ಮೆಟ್ಟಿಲ ಮೇಲೆ ಜಗಳ ಮಾಡಿದಂತೆ ಕೇಳಿಸಿತು. ತಲೆನೋವು ಬಂದು ಬಂದ್ ಮಾಡಿದೆ. ಮೂರನೇ ಸಲ, ರಾತ್ರಿ, ಇಯರ್‌ಫೋನಿನಲ್ಲಿ ಕೇಳಿದಾಗ ಒಬ್ಬರು ಬಿಟ್ಟ ಮಾತನ್ನು ಇನ್ನೊಬ್ಬರು ಎತ್ತಿಕೊಳ್ಳುವುದು ತಿಳಿಯಿತು. ಈಗಲೂ ಪೂರ್ತಿ ಇಷ್ಟವಾಗಿಲ್ಲ. ಆದರೆ ಬಂಟ್ವಾಳದ ಉಸಿರು ಯಾವುದು, ಅಮೆರಿಕದ ಉಸಿರು ಯಾವುದು ಅಂತ ಕಣ್ಣುಮುಚ್ಚಿ ಹೇಳಬಲ್ಲೆ. ಕದ್ರಿಯವರು 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲೇ ತೀರಿಕೊಂಡರು. ಅವರ ಸನ್ಮಾನಗಳ ಪಟ್ಟಿ ಎಲ್ಲರಿಗೂ ಗೊತ್ತು. ಅವರ ಕ್ಯಾಸೆಟ್ಟುಗಳ ಪಟ್ಟಿ ಯಾರ ಹತ್ತಿರ ಉಂಟು?

ಪಕ್ಕದ ಮನೆಯ ಕಿಟಕಿ ಅಂದೆನಲ್ಲ, ಅದು ವಿಲ್ಫಿ ರೆಬಿಂಬಸ್. ಕೊಂಕಣ್ ಕೋಗುಳ್. ನನಗೆ ಕೊಂಕಣಿ ಬರುವುದಿಲ್ಲ. ಆದರೆ ಮೊಂತಿ ಹಬ್ಬಕ್ಕೆ, ರೋಸಿನ ದಿನ, ಆದಿತ್ಯವಾರ ಇಗರ್ಜಿಯಿಂದ ಬಂದ ಮೇಲೆ, ವಿಲ್ಫಿ ಮತ್ತು ಮೀನಾ ದಂಪತಿಯ ಧ್ವನಿ ನಮ್ಮ ಅಂಗಳಕ್ಕೂ ಬರುತ್ತಿತ್ತು. ಭಾಷೆ ತಿಳಿಯದೆಯೂ ಎಲ್ಲಿ ನಗು, ಎಲ್ಲಿ ಅಳು ಅಂತ ತಿಳಿಯುತ್ತಿತ್ತು. ಅವರು 2010ರಲ್ಲಿ ಹೋದರು. ಆ ಕಿಟಕಿಯಲ್ಲಿ ಈಗ ಟಿವಿ ಕೂಗುತ್ತದೆ.

ಬಸ್ಸಿನದ್ದು ಯಕ್ಷಗಾನ. ಕಾಳಿಂಗ ನಾವಡರು ಬಡಗಿನವರು, ಗುಂಡ್ಮಿಯವರು. ನಮ್ಮ ಮಂಗಳೂರು ತೆಂಕಿನ ಸೀಮೆ. ಆದರೂ ಚಾಲಕರಿಗೆ ತೆಂಕು ಬಡಗು ಎಲ್ಲ ಇರಲಿಲ್ಲ, ಬಲಿಪರ ಕ್ಯಾಸೆಟ್ಟು ಮುಗಿದರೆ ನಾವಡರದ್ದು ಹಾಕುತ್ತಿದ್ದರು. 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ನಾವಡರಿಗೆ ಮೂವತ್ತರ ಆಸುಪಾಸು. ಅಂಥ ಎಳೆಯ ವಯಸ್ಸಿನಲ್ಲಿ ಹೋದ ಮನುಷ್ಯ ಇವತ್ತಿಗೂ ಉಳಿದಿದ್ದಾರೆ ಅಂದರೆ ಅದಕ್ಕೆ ಕಾರಣ ಟೇಪು, ಮತ್ತು ಆ ಟೇಪನ್ನು ಸವೆಯುವ ತನಕ ಹಾಕಿದ ಚಾಲಕರು, ಹೋಟೆಲಿನವರು.

ತಾಳಮದ್ದಲೆಯ ಕ್ಯಾಸೆಟ್ಟಿನಂಥದ್ದು ನಾನು ಜಗತ್ತಿನ ಇನ್ಯಾವ ಭಾಷೆಯಲ್ಲೂ ಕಂಡಿಲ್ಲ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರ ಪದ, ಚೆಂಡೆ ಮದ್ದಳೆ, ಮತ್ತೆ ಕೂತು ಮಾತಾಡುವುದು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಕೇಳಿದ್ದೀರಾ? ಬಾಣ ನಾಟಿ ಬಿದ್ದವನು ರಾಮನನ್ನು ಪ್ರಶ್ನೆ ಮಾಡುತ್ತಾ ಹೋಗುತ್ತಾನೆ, ನಮಗೆ ಉಸಿರು ಬಿಗಿ ಹಿಡಿದಿರುತ್ತದೆ, ಅಷ್ಟರಲ್ಲಿ 'ಟಕ್' ಅಂತ ಒಂದು ಸೈಡು ಮುಗಿಯುತ್ತಿತ್ತು. ತಿರುಗಿಸಿ ಹಾಕುವಷ್ಟು ಹೊತ್ತು ಬಸ್ಸಿನಲ್ಲಿ ಎಲ್ಲರೂ ಕಾಯುತ್ತಿದ್ದರು. ರಾತ್ರಿಯಿಡೀ ನಡೆಯುವ ಪ್ರಸಂಗವನ್ನು ಅರುವತ್ತು ತೊಂಬತ್ತು ನಿಮಿಷಕ್ಕೆ ಇಳಿಸಿದ್ದು ಅಪಚಾರ ಅಂತ ಹೇಳುವವರಿದ್ದಾರೆ. ಇರಬಹುದು. ಆದರೆ ಆಟಕ್ಕೆ ಹೋಗಲಾಗದ ಎಷ್ಟೋ ಹೆಂಗಸರು ಶೇಣಿಯವರನ್ನು ಕೇಳಿದ್ದು ಅಡುಗೆಮನೆಯಲ್ಲಿ, ಆ ಅಪಚಾರದ ಕ್ಯಾಸೆಟ್ಟಿನಿಂದಲೇ.

ಸಿನಿಮಾದ ಬಗ್ಗೆ ಒಂದೇ ಮಾತು: 1987ರ 'ಪ್ರೇಮಲೋಕ'. ಹಂಸಲೇಖ ಆಡುಮಾತನ್ನೇ ಹಾಡು ಮಾಡಿದಾಗ ಭಾಷೆ ಕೆಟ್ಟಿತು ಅಂದವರ ಮನೆಯ ಮಕ್ಕಳೇ ಅದನ್ನು ಬಾಯಿಪಾಠ ಮಾಡಿದ್ದರು.

ಹಾಗಂತ ಬಲ್ಲವರು ಬೇಡ ಅಂತ ನಾನು ಹೇಳುತ್ತಿಲ್ಲ. ಯಾವ ಪದ ಯಾವ ತಾಳ ಅಂತ ತಾಳ್ಮೆಯಿಂದ ಹೇಳಿಕೊಟ್ಟ ಹಿರಿಯರಿದ್ದಾರೆ, ಅವರ ಋಣ ಉಂಟು. ಆದರೆ ಬಲ್ಲವರ ಕಿವಿಯೊಂದನ್ನೇ ನಂಬುವವರಿಗೆ ಒಂದು ಸಂಗತಿ. ಜಾಜ್‌ನವರು ತಲೆ ಮೇಲೆ ಹೊತ್ತುಕೊಳ್ಳುವ ಆಲ್ಬಮ್ ಮೈಲ್ಸ್ ಡೇವಿಸ್‌ನ 'ಕೈಂಡ್ ಆಫ್ ಬ್ಲೂ', 1959ರದ್ದು. ಅದರ ಮೊದಲ ಮೂರು ಹಾಡುಗಳು ಯಂತ್ರದ ದೋಷದಿಂದ ಇರಬೇಕಾದ್ದಕ್ಕಿಂತ ಸ್ವಲ್ಪ ವೇಗವಾಗಿ, ಸ್ವಲ್ಪ ಮೇಲಿನ ಶ್ರುತಿಯಲ್ಲಿ ಅಚ್ಚಾಗಿದ್ದವು. ಕಂಪನಿ ಅದನ್ನು ಸರಿಮಾಡಿ ಹೊರಡಿಸಿದ್ದು 1990ರ ದಶಕದಲ್ಲಿ! ಅಷ್ಟು ವರ್ಷ ಜಗತ್ತಿನ ವಿಮರ್ಶಕರೆಲ್ಲ ಶ್ರುತಿ ತಪ್ಪಿದ ರೆಕಾರ್ಡನ್ನೇ ಹೊಗಳುತ್ತಿದ್ದರು. ನಮ್ಮ ಬಸ್ಸಿನ ಟೇಪು ಎಳೆದಾಗ ಕಂಡಕ್ಟರಿಗೆ ಮೂರನೇ ಸಾಲಿಗೇ ಗೊತ್ತಾಗುತ್ತಿತ್ತು.

ಈಗ ಹೊಸ ಅನಾಚಾರ ಶುರುವಾಗಿದೆ. ಹಳೆಯ ಕ್ಯಾಸೆಟ್ಟನ್ನು ಯಾರೋ ಯೂಟ್ಯೂಬಿಗೆ ಹಾಕುತ್ತಾರೆ, ಒಳ್ಳೆಯದು. ಮೇಲೆ ಬರೆಯುವುದು 'ಸೂಪರ್ ಭಾಗವತಿಕೆ, ಕೇಳಲೇಬೇಕು'. ಭಾಗವತರ ಹೆಸರು ಅದೃಷ್ಟವಿದ್ದರೆ ಇರುತ್ತದೆ. ಮದ್ದಳೆ ಯಾರು, ಚೆಂಡೆ ಯಾರು, ಪ್ರಸಂಗ ಬರೆದ ಕವಿ ಯಾರು, ಯಾವ ವರ್ಷ, ಒಂದೂ ಇಲ್ಲ. ಭಾವಗೀತೆಯಾದರೆ ಗಾಯಕರ ಫೋಟೊ, ಕವಿ ಮಾಯ. ಇಡೀ ಕ್ಯಾಸೆಟ್ಟಿನಿಂದ ಒಂದು ಹಾಡು ಕಿತ್ತು ಮೂವತ್ತು ಸೆಕೆಂಡ್ ಮಾಡಿ ಸ್ಟೇಟಸ್ಸಿಗೆ ಹಾಕಿದರೆ ಮುಗಿಯಿತು. ಆ ಹೆಸರುಗಳೆಲ್ಲ ಕ್ಯಾಸೆಟ್ಟಿನ ಡಬ್ಬಿಯೊಳಗಿನ ಬಣ್ಣದ ಕಾಗದದಲ್ಲಿ ಸಣ್ಣ ಅಕ್ಷರದಲ್ಲಿ ಇದ್ದವು. ಆ ಕಾಗದ ಗುಜರಿಗೆ ಹೋಯಿತು. ಮದ್ದಳೆಗಾರನೊಬ್ಬ ಇಡೀ ಆಯುಷ್ಯ ಬಾರಿಸಿದ್ದಕ್ಕೆ ಅಚ್ಚಾದ ಪುರಾವೆ ಕೆಲವೊಮ್ಮೆ ಅದೊಂದೇ.

ನಿಮ್ಮ ಅಟ್ಟದ ಮೇಲೆ, ಹಳೆಯ ಟ್ರಂಕಿನಲ್ಲಿ ಹತ್ತಾದರೂ ಕ್ಯಾಸೆಟ್ಟು ಇರಬಹುದು. ಟೇಪಿಗೆ ಬೂಸ್ಟು ಹಿಡಿದಿದ್ದರೂ ಚಿಂತೆ ಇಲ್ಲ. ಆ ಕಾಗದ ಬಿಡಿಸಿ ಎರಡೂ ಬದಿಯ ಫೋಟೊ ತೆಗೆಯಿರಿ. ಜೊತೆಗೆ ನಾಲ್ಕು ಸಾಲು ಬರೆದಿಡಿ: ಎಲ್ಲಿ ಕೊಂಡದ್ದು, ಮನೆಯಲ್ಲಿ ಯಾರು ಹೆಚ್ಚು ಕೇಳುತ್ತಿದ್ದರು, ಯಾವುದು ಇಷ್ಟ, ಯಾವುದು ಬೋರು. ರಾಗದ ಹೆಸರು ಗೊತ್ತಿಲ್ಲದಿದ್ದರೆ ಬಿಡಿ.

ಕಳೆದ ವಾರ ಮತ್ತೊಂದು ಕಚೇರಿಗೆ ಹೋದೆ. ಈ ಸಲ ಧೈರ್ಯ ಮಾಡಿ ಬರೆದೆ: ಮೃದಂಗದವರು ತನಿಯಲ್ಲಿ ಸಭೆಯನ್ನು ಹಿಡಿದಿಟ್ಟರು, ಮುಖ್ಯ ಕೃತಿ ಉದ್ದವಾಯಿತು, ಹಿಂದಿನ ಸಾಲಿನವರು ಎದ್ದು ಹೋದರು. ಮರುದಿನ ಬೆಳಿಗ್ಗೆ ಪೇಪರು ಬಿಡಿಸಿ ನೋಡಿದೆ. ಆ ಮೂರು ಸಾಲೂ ಇರಲಿಲ್ಲ. ಅಧ್ಯಕ್ಷರ ಹೆಸರು ಇತ್ತು, ಅದೂ ತಪ್ಪಾಗಿ.