ಗಾಜಿನ ಮಾಡಿನಡಿಯ ಮಲೆನಾಡು

ಆಷಾಢದ ಮಳೆ ಹಿಡಿಯಿತೆಂದರೆ ಘಟ್ಟದ ರೈಲು ನೋಡಲು ಹೊರಡುವವರ ಸಂಭ್ರಮ ಆರಂಭವಾಗುತ್ತದೆ. ಕಾವೇರಿ ದಡದ ರುದ್ರಪಟ್ಟಣದಿಂದಲೂ ಹಾಗೆ ಹೊರಡುವವರುಂಟು. ಊರಿಗೆ ರೈಲಿಲ್ಲ, ಕೊಣನೂರು, ಅರಕಲಗೂಡಿನ ಮೇಲೆ ಹಾಸನಕ್ಕೆ ಬಸ್ಸು, ಅಲ್ಲಿಂದ ಮಂಗಳೂರಿನ ಹಗಲು ರೈಲು. ಸಕಲೇಶಪುರ ಬಿಟ್ಟ ಮೇಲೆ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗಿನ 55 ಕಿಲೋಮೀಟರ್ ಇಳಿಯಲು ಎರಡು ಗಂಟೆಗೂ ಹೆಚ್ಚು ಕಾಲ ಬೇಕು. 57 ಸುರಂಗಗಳು, ನೂರಕ್ಕೂ ಮಿಕ್ಕಿದ ಸೇತುವೆಗಳು, ಐವತ್ತು ಅಡಿಗೆ ಒಂದಡಿಯ ಇಳಿಜಾರು. ಸುರಂಗ ಹೊಕ್ಕಾಗಲೆಲ್ಲ ಕೂಗಾಟ, ಝರಿ ಕಂಡಾಗಲೆಲ್ಲ ಮೊಬೈಲು. ತಿಂದುಳಿದ ತಿಂಡಿಯ ಪೊಟ್ಟಣ ಕಿಟಕಿಯಾಚೆಗೆ, ಕಾಡಿಗೆ.

2021ರ ಜುಲೈಯಿಂದ ಈ ಮಾರ್ಗದ ಹಗಲು ರೈಲುಗಳಿಗೆ ಗಾಜಿನ ಮಾಡಿನ ವಿಸ್ಟಾಡೋಮ್ ಬೋಗಿಯೂ ಸೇರಿತು. ಹವಾನಿಯಂತ್ರಿತ ಬೋಗಿ, ತಿರುಗುವ ಆಸನ, ಅದಕ್ಕೆ ತಕ್ಕ ದರ. ಅದರೊಳಗೆ ಮಳೆ ಕಾಣುತ್ತದೆ, ನೆನೆಸುವುದಿಲ್ಲ. ಆರ್.ಕೆ. ಶ್ರೀಕಂಠನ್ ಅವರಂಥ ವಿದ್ವಾಂಸರನ್ನು ಕೊಟ್ಟ ಸಂಗೀತಗ್ರಾಮದ ಮಕ್ಕಳು ಘಟ್ಟದ ಮಳೆಯನ್ನು ಸದ್ದಡಗಿಸಿ ನೋಡಲು ಹಣ ತೆರುವಂತಾದದ್ದು ಕಾಲದ ವಿಚಿತ್ರವೇ ಸರಿ.

ರೈಲು ಹತ್ತುವುದು ತಪ್ಪೆಂದು ಯಾರೂ ಹೇಳುತ್ತಿಲ್ಲ. ನೂರಾರು ಕಾರುಗಳು ಶಿರಾಡಿ ಘಾಟಿಯಲ್ಲಿ ಹೊಗೆಯುಗುಳುವುದಕ್ಕಿಂತ ಒಂದು ರೈಲು ಇಳಿಯುವುದು ಕಾಡಿಗೆ ಎಷ್ಟೋ ಮೇಲು. ತಕರಾರಿರುವುದು ಬೆಟ್ಟವನ್ನು ಬರಿಯ ನೋಟವಾಗಿ ಮಾರುವ ವ್ಯಾಪಾರದ ಬಗ್ಗೆ, ಆ ನೋಟದ ಚೌಕಟ್ಟಿನಿಂದ ಜಾಣತನದಲ್ಲಿ ಹೊರಗಿಟ್ಟ ಸಂಗತಿಗಳ ಬಗ್ಗೆ.

ಈ ಹಳಿ ಪ್ರವಾಸಿಗರಿಗಾಗಿ ಹುಟ್ಟಿದ್ದಲ್ಲ. 1979ರಲ್ಲಿ ಪೂರ್ಣಗೊಂಡ ಮೀಟರ್ ಗೇಜ್ ಮಾರ್ಗ ತೊಂಬತ್ತರ ದಶಕದ ನಡುವಿನಲ್ಲಿ ಬ್ರಾಡ್ ಗೇಜ್ ಕೆಲಸಕ್ಕಾಗಿ ನಿಂತಿತು. 2006ರಲ್ಲಿ ಮತ್ತೆ ಮೊದಲು ಓಡಿದ್ದು ಸರಕು ರೈಲು. ಜನರ ರೈಲಿಗೆ 2007ರ ಡಿಸೆಂಬರ್‌ವರೆಗೆ ಕಾಯಬೇಕಾಯಿತು. ಹೀಗೆ ಒಮ್ಮೆ ಕಡಿದು, ಕೊರೆದು, ಮತ್ತೆ ಅಗಲಿಸಿದ ಬೆಟ್ಟ ತನ್ನ ಗಾಯವನ್ನು ಮರೆತಿಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗು ಕುಸಿದ ದಿನಗಳಲ್ಲೇ ಇಲ್ಲಿಯೂ ಹಲವೆಡೆ ಮಣ್ಣು ಜಾರಿ ಸಂಚಾರ ವಾರಗಟ್ಟಲೆ ನಿಂತಿತು. 2024ರ ಜುಲೈ 26ರಂದು ಎಡಕುಮೇರಿ ಮತ್ತು ಕಡಗರವಳ್ಳಿಯ ನಡುವೆ ಹಳಿಯ ಕೆಳಗಿನ ಮಣ್ಣೇ ಕಳಚಿಕೊಂಡಿತು. ದಟ್ಟ ಕಾಡಿನ ನಡುವಣ ಆ ಜಾಗಕ್ಕೆ ಕಲ್ಲು, ಮರಳಿನ ಚೀಲ, ತಂತಿಬಲೆಗಳನ್ನು ರೈಲಿನಲ್ಲೇ ಸಾಗಿಸಿ, ಸುರಿವ ಮಳೆಯಲ್ಲಿ ನೂರಾರು ಕಾರ್ಮಿಕರು ಹಗಲಿರುಳು ದುಡಿದು ಹಳಿ ನಿಲ್ಲಿಸಿದರು. ಪ್ರತಿ ಮಳೆಗಾಲವೂ ಹಳಿಯ ಗುಂಟ ಕೈದೀಪ ಹಿಡಿದು ನಡೆದು, ಬಂಡೆ ಉರುಳಿತೇ, ಮರ ಬಿದ್ದಿತೇ ಎಂದು ಕಾಯುವ ಗ್ಯಾಂಗ್‌ಮನ್‌ಗಳಿದ್ದಾರೆ. ಅವರು ಗಾಜಿನ ಬೋಗಿಯ ಯಾವ ಚಿತ್ರದಲ್ಲೂ ಇಲ್ಲ.

ಕಣಿವೆಯ ಇನ್ನೊಂದು ಮಗ್ಗುಲಲ್ಲಿ ರಾಷ್ಟ್ರೀಯ ಹೆದ್ದಾರಿ 75. ಚತುಷ್ಪಥಕ್ಕಾಗಿ ಗುಡ್ಡವನ್ನು ಗೋಡೆಯಂತೆ ನೆಟ್ಟಗೆ ಕಡಿದ ದೊಡ್ಡತಪ್ಪಲಿನ ಬಳಿ 2024ರ ಜುಲೈಯಲ್ಲಿ ಮಣ್ಣು ರಸ್ತೆಗಿಳಿಯಿತು. ಮಳೆ ಹೆಚ್ಚಾಯಿತೆಂಬ ಸಮಜಾಯಿಷಿ ಬಂತು. ಮಲೆನಾಡಿಗೆ ಮಳೆ ಹೊಸ ನೆಂಟನೇ? ಬೇರು ಕಿತ್ತು, ಇಳಿಜಾರಿನ ಬುಡ ತೆಗೆದು, ನೀರು ಹರಿಯುವ ಹಳ್ಳಕ್ಕೆ ಮಣ್ಣು ತುಂಬಿದ ಮೇಲೆ ಮಳೆಯನ್ನು ದೂರುವುದು ಕಳ್ಳ ಮನೆಯೊಡೆಯನನ್ನೇ ದೂರಿದಂತೆ.

ಇನ್ನು ಪ್ರವಾಸಿಗರು ಮೈಮರೆತು ನೋಡುವ ನೀರು. ಘಟ್ಟದ ನೆತ್ತಿಯ ಈಚೆಗೆ ಬಿದ್ದದ್ದು ಹೇಮಾವತಿಯಾಗಿ ಗೊರೂರು, ಹೊಳೆನರಸೀಪುರಗಳನ್ನು ಹಾದು ಕಾವೇರಿಗೆ. ಆಚೆಗೆ ಬಿದ್ದದ್ದು ಗುಂಡ್ಯ, ಕುಮಾರಧಾರೆಗಳ ಮೂಲಕ ನೇತ್ರಾವತಿಗೆ. ಆಚೆಯ ಹಳ್ಳಗಳಿಗೇ ಎತ್ತಿನಹೊಳೆ ಯೋಜನೆ ಎಂಟು ಒಡ್ಡು ಕಟ್ಟಿದೆ. 24.01 ಟಿಎಂಸಿ ನೀರನ್ನು ಪೂರ್ವಕ್ಕೆ ಸಾಗಿಸುವುದೆಂಬ ಲೆಕ್ಕ. ಮೊದಲ ಹಂತದ ಉದ್ಘಾಟನೆ 2024ರ ಸೆಪ್ಟೆಂಬರ್ 6ರಂದು ನಡೆಯಿತು. ಬಯಲುಸೀಮೆಯ ಬಾಯಾರಿಕೆ ಸುಳ್ಳಲ್ಲ. ಆದರೆ ಆ ಹೆಸರಿನಲ್ಲಿ ಕಾಡು ಬಗೆದ ಪೈಪಿನ ದಾರಿಗಳ ಲೆಕ್ಕ ಕೊಡುವವರು ಯಾರು? ಇದೇ ಸೀಮೆಯ ಗುಂಡ್ಯ ಜಲವಿದ್ಯುತ್ ಯೋಜನೆ ಬೇಡವೆಂದು ಮಾಧವ ಗಾಡ್ಗೀಳ್ ಸಮಿತಿ 2011ರಲ್ಲೇ ಹೇಳಿತ್ತು. ವರದಿ ಓದದವರೂ ಅದನ್ನು ಜರೆದದ್ದುಂಟು, ಮಲೆನಾಡಿಗರೂ ಸೇರಿದಂತೆ.

ರುದ್ರಪಟ್ಟಣದವರಿಗೆ ಮೇಲಿನ ಮಳೆ ಎಂದರೇನೆಂದು ಯಾರೂ ಕಲಿಸಬೇಕಿಲ್ಲ. 2018ರಲ್ಲೂ 2019ರಲ್ಲೂ ಕಾವೇರಿ ಉಕ್ಕಿದಾಗ ದಡದ ಊರುಗಳು ಕೊಡಗಿನ ಮಳೆಯನ್ನು ಹೊಳೆಯ ಮಟ್ಟದಲ್ಲಿ ಅಳೆದವು. ಆ ಕಣ್ಣನ್ನು ಮನೆಯಲ್ಲಿಟ್ಟು ಘಟ್ಟಕ್ಕೆ ಹೋಗುವುದೇಕೆ? ಎಡಕುಮೇರಿಯ ಇಳಿಜಾರಿಗೆ ಹೊದಿಸಿದ ಸಿಮೆಂಟನ್ನೂ ಕೆಂಪಾಗಿ ಇಳಿಯುವ ನೀರನ್ನೂ ನೋಡಿ ಬರುವ ವಿದ್ಯಾರ್ಥಿ ಒಂದು ಪ್ರಶ್ನೆಯನ್ನಾದರೂ ಹೊತ್ತು ತರುತ್ತಾನೆ. ಜೋಡಿ ಹಳಿ, ಇನ್ನಷ್ಟು ಅಗಲದ ಹೆದ್ದಾರಿ, ಇನ್ನೊಂದು ರೆಸಾರ್ಟಿನ ಮಾತು ಎದ್ದಾಗ ಗ್ರಾಮಸಭೆಯಲ್ಲಿ ಕೇಳಬೇಕಾದ ಪ್ರಶ್ನೆ ಅದು: ಕಡಿದ ಮಣ್ಣನ್ನು ಎಲ್ಲಿ ಸುರಿಯುತ್ತೀರಿ, ಅದು ಯಾವ ಹಳ್ಳಕ್ಕೆ ಇಳಿಯುತ್ತದೆ, ಕೆಳಗೆ ಯಾರ ಮನೆಯಿದೆ?