ನೋಟರಿಯ ಮೊಹರು, ಮನೆಮಗಳ ಪಾಲು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೆಂಗಿನ ತೋಟಗಳು ತಲೆಮಾರಿನಿಂದ ತಲೆಮಾರಿಗೆ ಭಾಗವಾಗುತ್ತ ಬಂದಿವೆ. ಭಾಗದ ಸಮಯದಲ್ಲಿ ತವರಿಗೆ ಬಂದ ಹೆಣ್ಣುಮಗಳಿಂದ ಛಾಪಾಕಾಗದದ ಮೇಲೆ ಹಕ್ಕು ಬಿಡುಗಡೆ ಬರೆಯಿಸಿಕೊಂಡು, ನೋಟರಿಯವರ ಮೊಹರು ಹಾಕಿಸಿ ಪೆಟ್ಟಿಗೆಯಲ್ಲಿಟ್ಟುಬಿಡುವ ವಾಡಿಕೆ ನಮ್ಮ ಮನೆಗಳಲ್ಲಿ ಉಂಟು. ಮೊಹರು ಬಿದ್ದ ಕಾಗದಕ್ಕೆ ಎದುರು ಮಾತಿಲ್ಲವೆಂಬುದು ಜನರ ಭಾವನೆ. ಆ ಮೊಹರನ್ನು ಒತ್ತುವವರಿಗೆ ಇರಬೇಕಾದ ವಿದ್ಯೆ ಯಾವುದು, ಅದು ಕಾಲಕಾಲಕ್ಕೆ ನವೀಕರಣಗೊಳ್ಳುವುದೇ ಎಂಬುದನ್ನು ಸದ್ಭಕ್ತರು ಅರಿತಿರುವುದು ಲೇಸು.

ನಮ್ಮ ದೇಶದಲ್ಲಿ ನೋಟರಿಗಳ ನೇಮಕ ನಡೆಯುವುದು 1952ರ ಕಾಯ್ದೆ ಹಾಗೂ 1956ರ ನಿಯಮಗಳಂತೆ. ಪಿ.ಯು.ಸಿ. ಬಳಿಕ 5 ವರ್ಷ, ಇಲ್ಲವೇ ಪದವಿಯ ಬಳಿಕ 3 ವರ್ಷ ಕಾನೂನು ವ್ಯಾಸಂಗ ಮಾಡಿ, ಅನಂತರ ವಕೀಲಿ ವೃತ್ತಿಯಲ್ಲಿ ಕನಿಷ್ಠ 10 ವರ್ಷ ನುರಿತಿರಬೇಕು. ಮಹಿಳೆಯರಿಗೂ ಪರಿಶಿಷ್ಟರಿಗೂ ಹಿಂದುಳಿದ ವರ್ಗದವರಿಗೂ ಇದು 7 ವರ್ಷ. ನ್ಯಾಯಾಂಗ ಸೇವೆಯಲ್ಲಿದ್ದವರಿಗೂ ಅವಕಾಶವಿದೆ. ಪತ್ರದ ಕೊನೆಯಲ್ಲಿ ‘ಬಿಕ್ಕಲಂ’ ಎಂದು ರುಜು ಮಾಡುತ್ತಿದ್ದ ನಮ್ಮ ಹಿಂದಿನ ಪತ್ರಬರಹಗಾರರಿಗೆ ಇಷ್ಟು ವಿದ್ಯೆಯನ್ನು ಯಾರೂ ಕೇಳಿರಲಿಲ್ಲ. ಅವರ ಅಕ್ಷರವಂತೂ ಮುತ್ತಿನಂತಿತ್ತು!

ಪ್ರವೇಶದಲ್ಲಿ ಇಷ್ಟು ಬಿಗಿಯಾದ ನಿಯಮ ಮುಂದೆ ಸಡಿಲವಾಗುತ್ತದೆ. ಮೊದಲು 3 ವರ್ಷಕ್ಕಿದ್ದ ವೃತ್ತಿಪ್ರಮಾಣಪತ್ರದ ಅವಧಿ 1999ರ ತಿದ್ದುಪಡಿಯಿಂದ 5 ವರ್ಷವಾಯಿತು. ನವೀಕರಣಕ್ಕೆ ಅರ್ಜಿ ಬೇಕು, ಶುಲ್ಕ ಬೇಕು; ಹೊಸದಾಗಿ ಓದಿರಬೇಕೆಂಬ ಕಡ್ಡಾಯವಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದ ಪದ್ಧತಿ ಇದಕ್ಕೆ ತೀರ ವಿರುದ್ಧ. ಅಲ್ಲಿ ನೋಟರಿಯಾಗಲು ಕಾನೂನು ಪದವಿಯೇ ಬೇಡ. ಆದರೆ 2005ರಿಂದ ಹೊಸಬರು 6 ಗಂಟೆಗಳ ಪಾಠ ಕೇಳಿ ಪರೀಕ್ಷೆ ಬರೆಯಬೇಕು, ನವೀಕರಣಕ್ಕೆ ಬರುವ ಹಳಬರಿಗೂ 3 ಗಂಟೆಗಳ ಪಾಠವುಂಟು. ನಮ್ಮವರ ಪಾಂಡಿತ್ಯ ಹೆಚ್ಚಿನದೆಂಬುದರಲ್ಲಿ ಸಂದೇಹವಿಲ್ಲವಾದರೂ ಆ 3 ಗಂಟೆಗಳ ಪಾಠ ನಮ್ಮಲ್ಲಿಯೂ ಬೇಕೆಂದೇ ನನ್ನ ಅಭಿಪ್ರಾಯ.

ಕಾರಣವಿಷ್ಟೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ತಾನು ಅನ್ವಯಿಸುವವರ ಪೈಕಿ ವೀರಶೈವರನ್ನೂ ಲಿಂಗಾಯತರನ್ನೂ ಹೆಸರಿಸಿಯೇ ಹೇಳಿದೆ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಪಾಲುಂಟೆಂದು ಕರ್ನಾಟಕ ವಿಧಿಸಿದ್ದು 1994ರಲ್ಲಿ. ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಆ ಶಾಸನ ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿ ಅವರನ್ನೂ ಒಳಗೆ ಕರೆದುಕೊಂಡಿತು. ಆ ತಿದ್ದುಪಡಿಯ ದಿನ ತಂದೆ ಬದುಕಿರಲೇಬೇಕೆಂದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿದ್ದು 2020ರಲ್ಲಿ. ಮೂರು ದಶಕಗಳೊಳಗೆ ಮೂರು ಬಾರಿ ನೆಲೆ ಬದಲಾಯಿತು. 1994ಕ್ಕೆ ಮುಂಚೆ ಪದವಿ ಪಡೆದವರು ಕಾಲೇಜಿನಲ್ಲಿ ಕಲಿತದ್ದು ಹಳೆಯ ಪಾಠ. ಸ್ವಂತ ಆಸಕ್ತಿಯಿಂದ ಓದಿಕೊಂಡವರು ಅನೇಕರಿದ್ದಾರೆ, ನಿಜ. ಓದದವರನ್ನು ನವೀಕರಣದ ಹೊತ್ತಿನಲ್ಲಿ ಯಾರೂ ಕೇಳುವುದಿಲ್ಲ.

ಇನ್ನೊಂದು ಸಂಗತಿ. ನೋಟರಿಯವರು ದೃಢೀಕರಿಸುವುದು ರುಜುವನ್ನು. ಹಕ್ಕನ್ನು ವರ್ಗಾಯಿಸುವ ಶಕ್ತಿ ಆ ಮೊಹರಿಗಿಲ್ಲ. 100 ರೂಪಾಯಿ ಅಥವಾ ಮೇಲ್ಪಟ್ಟ ಬೆಲೆಯ ಸ್ಥಿರಾಸ್ತಿಯ ಹಕ್ಕು ಬಿಡುವ ಪತ್ರ 1908ರ ಕಾಯ್ದೆಯಂತೆ ನೋಂದಣಿಯಾಗಲೇಬೇಕು. 100 ರೂಪಾಯಿಗೆ ಈಗ ಯಾವ ತೋಟ ಸಿಕ್ಕೀತು? ಮದುವೆ, ವಿಚ್ಛೇದನೆಗಳ ಪತ್ರ ಮಾಡಿಕೊಡಲು ನೋಟರಿಗಳಿಗೆ ಅಧಿಕಾರವಿಲ್ಲವೆಂದು ಕೇಂದ್ರ ಕಾನೂನು ಇಲಾಖೆ 2024ರ ಅಕ್ಟೋಬರ್‌ನಲ್ಲಿ ಸ್ಪಷ್ಟಪಡಿಸಬೇಕಾಯಿತೆಂದರೆ, ಈ ತಿಳಿವಳಿಕೆಯ ಕೊರತೆ ನಮ್ಮ ತಾಲ್ಲೂಕುಗಳಿಗೆ ಮಾತ್ರ ಸೀಮಿತವಲ್ಲ.

ಪೆಟ್ಟಿಗೆಯಲ್ಲಿ ಅಂತಹ ಬಿಡುಗಡೆ ಪತ್ರವಿರುವವರು ಅದನ್ನು ಹೊರತೆಗೆದು ಉಪನೋಂದಣಾಧಿಕಾರಿಗಳ ಸಂಖ್ಯೆ ಇದೆಯೇ ಎಂದು ನೋಡಬೇಕು. ಇಲ್ಲವಾದರೆ ತಿಳಿದ ವಕೀಲರೊಬ್ಬರಿಗೆ ತೋರಿಸಿ. ಹೋಗುವಾಗ ಅಕ್ಕತಂಗಿಯರನ್ನೂ ಜೊತೆಗೆ ಕರೆದುಕೊಂಡು ಹೋಗಿ.