ಗುಣವಾಗುವ ರೋಗಕ್ಕೂ ಕೈಚೆಲ್ಲಬೇಕೆ?

‘ಪೆಟ್ ಸ್ಕ್ಯಾನ್, ಹೊಸ ಔಷಧಿ ಇಲ್ಲದ ಆಸ್ಪತ್ರೆಗಳು ಮಕ್ಕಳ ಲಿಂಫೋಮಾಗೆ ಕೈಹಾಕಬಾರದು, ಅರೆಬರೆ ಚಿಕಿತ್ಸೆಗಿಂತ ನೋವು ಶಮನವೇ ಲೇಸು’ ಎಂಬುದು ಕಳೆದ ಸಂಚಿಕೆಯ ಲೇಖನದ ವಾದ. ಅರೆಬರೆ ಚಿಕಿತ್ಸೆ ಕೆಟ್ಟದ್ದು, ಒಪ್ಪೋಣ. ಉಳಿದದ್ದು ನಿಲ್ಲುವ ಮಾತಲ್ಲ.

1958ರಲ್ಲಿ ಶಸ್ತ್ರವೈದ್ಯ ಡೆನಿಸ್ ಬರ್ಕಿಟ್ ಉಗಾಂಡಾದ ಮಕ್ಕಳ ದವಡೆಗೆಡ್ಡೆಯ (ಈಗಿನ ಬರ್ಕಿಟ್ ಲಿಂಫೋಮಾ) ಬಗ್ಗೆ ಬರೆದಾಗ ಅವರ ಬಳಿ ಯಾವ ಸ್ಕ್ಯಾನರ್ ಇತ್ತು? ಮುಂದೆ ಸೈಕ್ಲೊಫಾಸ್ಫಮೈಡಿನ ಕೆಲವೇ ಡೋಸಿಗೆ ಕೆಲವು ಮಕ್ಕಳು ವಾಸಿಯಾದರು. ಹಾಡ್ಜ್‌ಕಿನ್ ಲಿಂಫೋಮಾದ ಮುಖ್ಯ ಔಷಧಿಗಳೂ ದಶಕಗಳಷ್ಟು ಹಳೆಯವು.

ಮಕ್ಕಳು ಕೈತಪ್ಪುವುದು ಬೇರೆ ಕಡೆ. ಮಾಕಳಿಯಲ್ಲಿ ಬಾಡಿಗೆಗಿದ್ದು ಪೀಣ್ಯದಲ್ಲಿ ದಿನಗೂಲಿ ಮಾಡುವವರ ಮಗುವಿನ ಕತ್ತಿನಲ್ಲಿ ಗಂಟು ಎದ್ದಿದೆ ಅನ್ನಿ. ಬಯಾಪ್ಸಿ ಇಲ್ಲದೆ ಟಿ.ಬಿ. ಮಾತ್ರೆ ಶುರುವಾದರೆ ತಿಂಗಳುಗಳು ಹಾಳು. ಆಮೇಲೆ ಬೆಂಗಳೂರು ನಗರ ದಾಟಿ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಓಡಾಟ. ಹೋದ ದಿನ ಕೂಲಿ ಖೋತಾ. ಗಂಟು ಕರಗಿತೆಂದು ನಡುವೆ ಬಿಟ್ಟರೆ ರೋಗ ಮರಳುತ್ತದೆ. ಕಿಮೋ ನಂತರದ ಜ್ವರಕ್ಕೆ ‘ಬೆಳಗಾಗಲಿ’ ಎಂದು ಕಾದರೂ ಜೀವಕ್ಕೆ ಅಪಾಯ. ಇಲ್ಲಿ ಬೇಕಾದ್ದು ಪೆಥಾಲಜಿಸ್ಟ್, ಆ್ಯಂಟಿಬಯಾಟಿಕ್, ಬಸ್ ಚಾರ್ಜು, ತಂಗಲು ಜಾಗ, ಬಾರದವರಿಗೊಂದು ಫೋನ್.

ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಮಕ್ಕಳ ಕ್ಯಾನ್ಸರ್‌ಗೆ ಗುರಿ ಇಟ್ಟಿತು: 2030ಕ್ಕೆ ಕನಿಷ್ಠ ಶೇ 60ರಷ್ಟು ಮಕ್ಕಳು ಬದುಕಬೇಕು. ಗುಣಪಡಿಸಬಹುದೆಂದು ಅದು ಆರಿಸಿದ ಆರು ಕ್ಯಾನ್ಸರ್‌ಗಳಲ್ಲಿ ಬರ್ಕಿಟ್, ಹಾಡ್ಜ್‌ಕಿನ್ ಎರಡೂ ಇವೆ. ಲೇಖಕರು ಆ ಪಟ್ಟಿಯನ್ನೊಮ್ಮೆ ನೋಡಲಿ.